ಐನೂರು ಡಾಲರ್ ಕೊಟ್ಟು ಜೇಬು ಚಾಕು ತಗೊಳ್ಳೋದಾ ಬೇಡ್ವಾ?

ಪ್ರಶ್ನೆ: ಸರ್ ನಮಸ್ಕಾರ. ನಮ್ಮೂರು ತೀರ್ಥಹಳ್ಳಿ ಹತ್ರ, ಈಗ ಇರೋದು ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ. ದಿನಾ ಜೇಬಲ್ಲಿಟ್ಕೊಳ್ಳೋಕೆ ಒಂದು ಒಳ್ಳೆ ಮಡಚೋ ಚಾಕು ಬೇಕು. ಮೂರು ನೋಡಿಟ್ಟಿದೀನಿ: ಬೆಂಚ್‌ಮೇಡ್ ಬಗೌಟ್, ಸ್ಪೈಡರ್ಕೋ ಪ್ಯಾರಾ ಮಿಲಿಟರಿ 2, ಕ್ರಿಸ್ ರೀವ್ ಸೆಬೆಂಜಾ 31. ಮೊದಲೆರಡು 200 ಡಾಲರ್ ಆಚೀಚೆ, ಸೆಬೆಂಜಾ ಮಾತ್ರ ಹತ್ರತ್ರ 500. ಕೆಲ್ಸ ಅಂದ್ರೆ ಪಾರ್ಸೆಲ್ ಬಾಕ್ಸ್, ಆಫೀಸಲ್ಲಿ ಸೇಬು, ಹಿತ್ತಲಲ್ಲಿ ಡ್ರಿಪ್ ಪೈಪು, ಕ್ಯಾಂಪಿಂಗ್ ಹೋದಾಗ ತರಕಾರಿ. ಅಷ್ಟು ದುಡ್ಡು ಹಾಕೋದ್ರಲ್ಲಿ ಅರ್ಥ ಇದೆಯಾ? ಊರಿಗೆ ತರಬಹುದಾ? ಅಪ್ಪನಿಗೂ ಒಂದು ತಗೊಂಡು ಹೋಗೋ ಆಸೆ ಇದೆ.

ಉತ್ತರ: ನಿಮ್ಮ ಕೆಲ್ಸದ ಪಟ್ಟಿ ಕೊಟ್ಟಿದ್ದು ಬಹಳ ಒಳ್ಳೇದಾಯ್ತು, ಯಾಕಂದ್ರೆ ಬೆಲೆ ನೋಡೋಕ್ಮುಂಚೆ ನೋಡಬೇಕಾಗಿರೋದು ಅದನ್ನೇ. ಚಾಕು ಚೆನ್ನಾಗಿ ಕುಯ್ಯೋದು ಮೊದಲು ಅಲಗು ಎಷ್ಟು ತೆಳ್ಳಗಿದೆ ಅನ್ನೋದ್ರಿಂದ, ಆಮೇಲೆ ಹರಿತದಿಂದ, ಸ್ಟೀಲಿನ ಹೆಸರು ಬರೋದು ಮೂರನೇದಾಗಿ. ಸೇಬು ತಗೊಳ್ಳಿ. ದಪ್ಪ ಅಲಗಿನ ಚಾಕು ಎಷ್ಟೇ ಹರಿತ ಇದ್ರೂ ಅರ್ಧಕ್ಕೆ ಹೋಗ್ತಿದ್ದಂಗೆ ಹಣ್ಣು ಕುಯ್ಯೋದು ಬಿಟ್ಟು ಟಕ್ ಅಂತ ಸೀಳಿಬಿಡತ್ತೆ, ತೆಳು ಅಲಗು ಕೊನೇವರೆಗೂ ನೀಟಾಗಿ ಇಳಿಯತ್ತೆ. ಬಗೌಟ್ ಅಲಗಿನ ಬೆನ್ನು ಸುಮಾರು 2.3 ಮಿಲಿಮೀಟರ್, ಇಡೀ ಚಾಕು ತೂಗೋದೇ 52 ಗ್ರಾಂ, ಜೇಬಲ್ಲಿದೆ ಅನ್ನೋದೇ ಮರೆತುಹೋಗತ್ತೆ. ಪ್ಯಾರಾ ಮಿಲಿಟರಿ 2ರ ಬೆನ್ನು 3.5 ಮಿಲಿಮೀಟರ್ ದಾಟತ್ತೆ, ತೂಕ 100 ಗ್ರಾಂ ಮೇಲೆ. ಅದು ಕೈಯಲ್ಲಿ ಗಟ್ಟಿಯಾಗಿ ಕೂರತ್ತೆ, ಬೆನ್ನಿಂದ ಅಂಚಿನವರೆಗೂ ಇಳಿಜಾರಾಗಿ ಉಜ್ಜಿರೋದ್ರಿಂದ ದಪ್ಪ ಇದ್ರೂ ಚೆನ್ನಾಗೇ ಕುಯ್ಯತ್ತೆ, ಆದ್ರೆ ಫಾರ್ಮಲ್ ಪ್ಯಾಂಟ್ ಜೇಬಿಗೆ ಭಾರ.

ಈಗ ಸೆಬೆಂಜಾ. ಆ ಬೆಲೆಗೆ ಎರಡೂವರೆ ಪಟ್ಟು ಚೆನ್ನಾಗಿ ಕುಯ್ಯತ್ತಾ ಅಂದ್ರೆ ಖಂಡಿತ ಇಲ್ಲ. ದುಡ್ಡು ಹೋಗೋದು ಬೇರೆ ಕಡೆ. ಮಡಚೋ ಚಾಕುವಿನ ಜೀವ ಇರೋದು ಅಲಗು ತಿರುಗೋ ಆ ಕೀಲಲ್ಲಿ. ಮಾಮೂಲಿ ಚಾಕುಗಳಲ್ಲಿ ಅಲ್ಲಿನ ಸ್ಕ್ರೂ ಸ್ವಲ್ಪ ಬಿಗಿ ಮಾಡಿದ್ರೆ ಅಲಗು ತೆರೆಯಲ್ಲ, ಸ್ವಲ್ಪ ಸಡಿಲ ಮಾಡಿದ್ರೆ ಲಟಲಟ ಅಲ್ಲಾಡತ್ತೆ, ಮಧ್ಯದಲ್ಲಿ ಎಲ್ಲೋ ಹುಡುಕ್ತಾ ಇರಬೇಕು. ಸೆಬೆಂಜಾದಲ್ಲಿ ಕೀಲಿನ ಸುತ್ತ ಬುಶಿಂಗ್ ಅನ್ನೋ ಒಂದು ಪುಟ್ಟ ಲೋಹದ ಕೊಳವೆ ಕೂರಿಸಿರ್ತಾರೆ, ಅದ್ರ ಉದ್ದವೇ ಎರಡು ಟೈಟೇನಿಯಂ ಹಿಡಿಗಳ ನಡುವಿನ ಜಾಗ ಎಷ್ಟು ಅಂತ ತೀರ್ಮಾನ ಮಾಡತ್ತೆ, ಹಾಗಾಗಿ ಸ್ಕ್ರೂನ ಪೂರ್ತಿ ಬಿಗಿ ಮಾಡಿದ್ರೂ ಅಲಗು ಅದೇ ನಯದಲ್ಲಿ ತಿರುಗತ್ತೆ. ಇದು ಆಗಬೇಕಂದ್ರೆ ಒಂದೊಂದು ಭಾಗವೂ ಕೂದಲೆಳೆ ಲೆಕ್ಕದಲ್ಲಿ ಸರಿಯಾಗಿರಬೇಕು, ಐಡಹೋದ ಬಾಯ್ಸಿಯಲ್ಲಿರೋ ಆ ಫ್ಯಾಕ್ಟರಿಯವ್ರು ದುಡ್ಡು ತಗೊಳ್ಳೋದು ಈ ಕೆಲಸಕ್ಕೇ. ಹಿಡಿಯ ಒಂದು ಪಟ್ಟಿಯೇ ಬಾಗಿ ಬಂದು ಅಲಗಿಗೆ ಅಡ್ಡ ನಿಲ್ಲೋ ಲಾಕ್ ಇದೆಯಲ್ಲ, ಇವತ್ತು ಎಲ್ಲಾ ಕಂಪನಿಯವ್ರೂ ಹಾಕ್ತಾರೆ, ಅದನ್ನ ಮೊದಲು ತಂದವ್ರೂ ಕ್ರಿಸ್ ರೀವ್ ಅವ್ರೇ. ಈ ಕೆಲಸಗಾರಿಕೆ ಕೈಗೆತ್ತಿಕೊಂಡಾಗೆಲ್ಲ ಖುಷಿ ಕೊಡತ್ತೆ ಅಂದ್ರೆ 500 ದಂಡ ಅಲ್ಲ. ಬಾಕ್ಸ್ ಬಿಚ್ಚೋಕೆ ಅಂದ್ರೆ ದಂಡವೇ.

ಸ್ಟೀಲ್ ಬಗ್ಗೆ ಇಂಟರ್ನೆಟ್ಟಲ್ಲಿ ನಡೆಯೋ ಜಗಳಕ್ಕೆ ತಲೆಕೆಡಿಸ್ಕೋಬೇಡಿ. ಬಗೌಟಿನಲ್ಲಿರೋ ಎಸ್30ವಿ ಅನ್ನೋ ಸ್ಟೀಲ್ 2001ರಲ್ಲಿ ಬಂದಿದ್ದು, ಈಗಿನ ಸೆಬೆಂಜಾದಲ್ಲಿರೋ ಮ್ಯಾಗ್ನಾಕಟ್ 2021ರಲ್ಲಿ, ಲ್ಯಾರಿನ್ ಥಾಮಸ್ ಅನ್ನೋ ಲೋಹಶಾಸ್ತ್ರಜ್ಞ ರೂಪಿಸಿದ್ದು. ಮ್ಯಾಗ್ನಾಕಟ್ ಹೆಚ್ಚು ಗಟ್ಟಿಮುಟ್ಟು, ತುಕ್ಕಿಗೂ ಬಗ್ಗಲ್ಲ, ನಿಜ. ಆದ್ರೆ ನಿಂಬೆಹಣ್ಣು, ಮಾವಿನಕಾಯಿ ಕುಯ್ದು ತೊಳೆದು ಒರೆಸಿಟ್ರೆ ಎಸ್30ವಿಗೂ ಏನೂ ಆಗಲ್ಲ.

ನಿಜವಾದ ಸಮಸ್ಯೆ ಸಾಣೆ, ಇದನ್ನ ಯಾರೂ ಅಂಗಡೀಲಿ ಹೇಳಲ್ಲ. ಎಸ್30ವಿಯಲ್ಲಿ ವೆನೇಡಿಯಂ ಅನ್ನೋ ಲೋಹ 4% ಇದೆ, ಅದು ಸ್ಟೀಲಿನೊಳಗೆ ಸಣ್ಣ ಸಣ್ಣ ಕಾರ್ಬೈಡ್ ಕಾಳುಗಳಾಗಿ ಕೂತಿರತ್ತೆ, ಆ ಕಾಳು ಮಾಮೂಲಿ ಸಾಣೆಕಲ್ಲಿಗಿಂತ ಗಟ್ಟಿ. ಹರಿತ ಬಹಳ ದಿನ ನಿಲ್ಲೋದೂ ಅದರಿಂದಲೇ, ಮೊಂಡಾದ್ಮೇಲೆ ಅಡುಗೆಮನೆ ಕಲ್ಲಲ್ಲಿ ಎಷ್ಟು ಉಜ್ಜಿದ್ರೂ ಮೇಲೇಳದೇ ಇರೋದೂ ಅದರಿಂದಲೇ. ವಜ್ರದ ಪುಡಿ ಕೂರಿಸಿರೋ ಡೈಮಂಡ್ ಪ್ಲೇಟೇ ಬೇಕು. ಪೂರ್ತಿ ಮೊಂಡಾಗೋವರೆಗೂ ಕಾಯಬೇಡಿ, ಪೇಪರ್ ಕುಯ್ಯುವಾಗ ಎಲ್ಲಾದ್ರೂ ತಡೀತಿದೆ ಅನ್ನಿಸಿದ ದಿನವೇ ಎರಡೂ ಬದಿಗೆ ಹಗುರವಾಗಿ ನಾಲ್ಕಾರು ಸಲ ಎಳೆದರೆ ಸಾಕು. ಇಷ್ಟು ಕಲಿಯದೇ ಸೆಬೆಂಜಾ ತಗೊಂಡ್ರೆ ಆರು ತಿಂಗಳಾದ್ಮೇಲೆ ನಿಮ್ಮ ಹತ್ರ ಇರೋದು 500 ಡಾಲರಿನ ಮೊಂಡು ಚಾಕು. ಅಂದಹಾಗೆ ಹಣ್ಣಿನ ರಸ ಕೀಲಿಗೆ ಇಳಿದ್ರೆ ಬಿಸಿನೀರಲ್ಲಿ ತೊಳೆದು ಚೆನ್ನಾಗಿ ಒಣಗಿಸಿ ಫುಡ್ ಗ್ರೇಡ್ ಮಿನರಲ್ ಆಯಿಲ್ ಒಂದು ಹನಿ ಬಿಡಿ, ಅಡುಗೆ ಎಣ್ಣೆ ಮಾತ್ರ ಬೇಡ, ಅದು ದಿನ ಕಳೆದಂತೆ ಅಂಟಾಗತ್ತೆ.

ಹಾಗಾಗಿ ನನ್ನ ಮಾತು ಕೇಳೋದಾದ್ರೆ ಬಗೌಟ್ ತಗೊಳ್ಳಿ, ಜೊತೆಗೊಂದು ಡೈಮಂಡ್ ಪ್ಲೇಟ್. ಒಂದು ವರ್ಷ ದಿನಾ ಬಳಸಿ, ನೀವೇ ಸಾಣೆ ಹಿಡೀರಿ. ಆಮೇಲೂ ಸೆಬೆಂಜಾ ಆಸೆ ಹಾಗೇ ಇದ್ರೆ ಧೈರ್ಯವಾಗಿ ತಗೊಳ್ಳಿ, ಆಗ ನೀವು ಯಾವುದಕ್ಕೆ ದುಡ್ಡು ಕೊಡ್ತಿದೀರ ಅಂತ ಕೈಗೇ ಗೊತ್ತಿರತ್ತೆ. ಯಾವುದೇ ಆಗ್ಲಿ ಅಧಿಕೃತ ಡೀಲರ್ ಹತ್ರವೇ ಕೊಳ್ಳಿ, ಈ ಮೂರಕ್ಕೂ ನಕಲಿ ಬಂದಿದೆ, ಬೆಲೆ ಅರ್ಧಕ್ಕಿಂತ ಕಮ್ಮಿ ಕಂಡ್ರೆ ಅದು ಡಿಸ್ಕೌಂಟ್ ಅಲ್ಲ.

ಕಾನೂನಿನ ವಿಷ್ಯ: ಟೆಕ್ಸಾಸ್‌ನಲ್ಲಿ 2017ರಿಂದ ಐದೂವರೆ ಇಂಚು ಮೀರದ ಅಲಗಿಗೆ ರಾಜ್ಯದ ಕಾನೂನಿನ ತಕರಾರು ಕಮ್ಮಿ, ನಿಮ್ಮ ಮೂರೂ ನಾಲ್ಕು ಇಂಚಿನ ಒಳಗೇ ಇವೆ. ಆದ್ರೆ ಫೆಡರಲ್ ಕಟ್ಟಡಗಳಲ್ಲಿ ಎರಡೂವರೆ ಇಂಚಿಗಿಂತ ಚಿಕ್ಕದಕ್ಕೆ ಮಾತ್ರ ವಿನಾಯಿತಿ, ಮಕ್ಕಳ ಸ್ಕೂಲು ಮತ್ತೆ ನಿಮ್ಮ ಆಫೀಸಿನ ರೂಲ್ಸ್ ಬೇರೆ, ಹೆಚ್ಆರ್ ಹತ್ರ ಒಂದ್ಮಾತು ಕೇಳಿಬಿಡಿ. ವಿಮಾನದಲ್ಲಿ ಚೆಕ್-ಇನ್ ಬ್ಯಾಗಲ್ಲೇ ಹೋಗಬೇಕು, ಕ್ಯಾಬಿನ್ ಬ್ಯಾಗಲ್ಲಿ ಸಿಕ್ಕಿದ್ರೆ ಅಲ್ಲೇ ಬಿಟ್ಟು ಬರೋ ಹಾಗಾಗತ್ತೆ. ನಮ್ಮ ದೇಶದ ಶಸ್ತ್ರಾಸ್ತ್ರ ನಿಯಮದಲ್ಲಿ ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ರೆ ಲೈಸೆನ್ಸ್ ಪ್ರಶ್ನೆ ಬರತ್ತೆ, ಮನೆಗೆಲಸ, ಬೇಸಾಯದ್ದು ಅದರಲ್ಲಿ ಸೇರಲ್ಲ. ಹಾಗಂತ ಜೇಬಲ್ಲಿಟ್ಕೊಂಡು ಬೆಂಗಳೂರಲ್ಲಿ ಮೆಟ್ರೋ, ಮಾಲ್ ಅಂತ ಓಡಾಡಬೇಡಿ, ಸೆಕ್ಯುರಿಟಿಯವ್ರಿಗೆ ನಿಯಮ ವಿವರಿಸ್ತಾ ನಿಲ್ಲೋದು ಯಾರಿಗೆ ಬೇಕು.

ಅಪ್ಪನಿಗೆ ಇದ್ಯಾವುದೂ ಬೇಡ. ತೋಟಕ್ಕೆ ಅವರ ಕತ್ತಿ ಇದ್ದೇ ಇರತ್ತೆ, ಅದಕ್ಕಿಂತ ಸಣ್ಣ ಕೆಲ್ಸಕ್ಕೆ, ಗೊಬ್ಬರದ ಚೀಲದ ದಾರ ಕುಯ್ಯೋಕೆ, ಬಾಳೆಹಗ್ಗ ಸೀಳೋಕೆ, ಸಣ್ಣ ರೆಂಬೆ ಕತ್ತರಿಸೋಕೆ ವಿಕ್ಟೋರಿನಾಕ್ಸ್ ಫಾರ್ಮರ್ ಅನ್ನೋ ಮಡಚೋ ಚಾಕು ತಗೊಂಡು ಹೋಗಿ, ಅದರಲ್ಲಿ ಪುಟ್ಟ ಗರಗಸವೂ ಇದೆ. ಸ್ಟೀಲ್ ಸ್ವಲ್ಪ ಮೆತ್ತಗೆ, ಬೇಗ ಮೊಂಡಾಗತ್ತೆ, ಆದ್ರೆ ಮನೇಲಿರೋ ಸಾಣೆಕಲ್ಲಲ್ಲೇ ಐದು ನಿಮಿಷಕ್ಕೆ ಹರಿತ ಮಾಡ್ಕೋತಾರೆ. ಒಂದೇ ಎಚ್ಚರ, ಅದಕ್ಕೆ ಲಾಕ್ ಇಲ್ಲ, ಚುಚ್ಚೋ ಕೆಲಸಕ್ಕೆ ಬಳಸಿದ್ರೆ ಬೆರಳ ಮೇಲೆ ಮಡಚತ್ತೆ ಅಂತ ಕೊಡುವಾಗಲೇ ಹೇಳಿಬಿಡಿ.