ಶೂ ಅಂಗಡಿಯಿಂದ ಎದ್ದು ಬಂದ ಅಪ್ಪ

ಪ್ರಶ್ನೆ: ಸರ್, ಅಮೆರಿಕದಲ್ಲಿ ಕರಿಯರ ಹಕ್ಕಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್‌ಗೆ ಅಷ್ಟು ಧೈರ್ಯ ಎಲ್ಲಿಂದ ಬಂತು? ಎಲ್ರೂ ಗಾಂಧೀಜಿ ಪ್ರಭಾವ ಅಂತಾರೆ, ಅಷ್ಟೇನಾ?

ಉತ್ತರ: ಗಾಂಧೀಜಿ ಬಂದಿದ್ದು ಆಮೇಲೆ ಕಣ್ರೀ, ಪಾದ್ರಿ ಓದು ಓದೋವಾಗ. ಅದಕ್ಕೂ ಮುಂಚೆ ಮನೇಲೇ ಒಬ್ರಿದ್ರು, ಅವರಪ್ಪ. ಜಾರ್ಜಿಯಾ ರಾಜ್ಯದಲ್ಲಿ ಕಂಡೋರ ಹೊಲ ಪಾಲಿಗೆ ಉಳೋರ ಮಗ, ಆಮೇಲೆ 1931ರಿಂದ ಅಟ್ಲಾಂಟಾದ ಎಬೆನೇಜರ್ ಚರ್ಚಿನ ಪಾದ್ರಿ. ಒಂದಿನ ಚಿಕ್ಕ ಮಾರ್ಟಿನ್‌ಗೆ ಶೂ ಕೊಡ್ಸೋಕೆ ಹೋಗಿ ಮುಂದಿನ ಸೀಟಲ್ಲಿ ಕೂತ್ರೆ, ಅಂಗಡಿಯವನು ಮರ್ಯಾದೆಯಿಂದ್ಲೇ, ಹಿಂದ್ಗಡೆ ಹೋಗಿ ಕೂತ್ಕೊಳ್ಳಿ ಅಂದ, ಕರಿಯರು ಬಿಳಿಯರ ಜೊತೆ ಮುಂದೆ ಕೂರಬಾರದು ಅಂತಿದ್ದ ಕಾಲ ಅದು. ಇವರು, ಇಲ್ಲೇ ಕೂತು ತಗೋತೀವಿ ಇಲ್ಲಾಂದ್ರೆ ಶೂನೇ ಬೇಡ ಅಂತ ಮಗನ ಕೈ ಹಿಡ್ಕೊಂಡು ಎದ್ದು ಬಂದೇಬಿಟ್ರು. ಅಪ್ಪನಿಗೆ ಅಷ್ಟು ಸಿಟ್ಟು ಬಂದಿದ್ದು ಅದೇ ಮೊದಲು ನೋಡಿದ್ದು ಅಂತ ಕಿಂಗ್ ಬರ್ಕೊಂಡಿದಾರೆ.

ಇನ್ನೊಂದ್ಸಲ ಕಾರಲ್ಲಿ ಹೋಗ್ತಿದ್ದಾಗ ಪೊಲೀಸ್ ಅಡ್ಡಹಾಕಿ 'ಏ ಹುಡುಗ' ಅಂದ, ಆಗ ಕರಿಯರನ್ನ ಎಷ್ಟೇ ವಯಸ್ಸಾಗಿದ್ರೂ ಹಾಗೇ ಕರೀತಿದ್ರು. ಇವರು ಪಕ್ಕದಲ್ಲಿದ್ದ ಮಗನ್ನ ತೋರ್ಸಿ, ಹುಡುಗ ಇವನು, ನಾನು ಗಂಡಸು ಅಂದ್ರಂತೆ! ಪೊಲೀಸ್ ತಬ್ಬಿಬ್ಬಾಗಿ ದಂಡದ ಚೀಟಿ ಗೀಚಿ ಜಾಗ ಖಾಲಿ ಮಾಡ್ದ. ಆ ಕಾಲದಲ್ಲಿ ಹಾಗೆ ಮಾತಾಡಿ ಜೀವಂತ ಮನೆಗೆ ಬರೋದೇ ಹೆಚ್ಚು, ನನಗಂತೂ ಬರೀ ಓದೋವಾಗ್ಲೇ ಎದೆ ಡವಡವ ಅಂತು.

ಸಿಟ್ಟು ಬರೀ ಮಾತಲ್ಲೇ ಮುಗೀಲಿಲ್ಲ ಅನ್ನಿ, ಕರಿಯ ಟೀಚರ್‌ಗಳಿಗೂ ಬಿಳಿಯರಷ್ಟೇ ಸಂಬಳ ಕೊಡಿ ಅಂತ ಹೋರಾಟಾನೂ ಮಾಡಿದ್ರು. ಕರಿಯ ಪ್ರಯಾಣಿಕರ ಮೇಲೆ ಹಲ್ಲೆ ಆಗಿದ್ದು ಕಣ್ಣಾರೆ ನೋಡಿದ್ಮೇಲೆ ಸಿಟಿ ಬಸ್ ಹತ್ತೋದೇ ಬಿಟ್ಟಿದ್ರು. ಮಗ ಅಲಬಾಮಾ ರಾಜ್ಯದ ಮಾಂಟ್ಗೊಮರೀಲಿ, ಬಸ್ಸಲ್ಲಿ ಕರಿಯರನ್ನ ಬೇರೆ ಕೂರಿಸೋದರ ವಿರುದ್ಧ ಮುನ್ನಡೆಸಿದ್ದೂ ಬಸ್ ಬಹಿಷ್ಕಾರಾನೇ, 1955ರ ಡಿಸೆಂಬರ್‌ನಿಂದ 381 ದಿನ.