ಸೇವಾ ನಾಯಕತ್ವದ ತರಬೇತಿಯಿಂದ ಕಾಲೇಜು ವಿದ್ಯಾರ್ಥಿಗಳಲ್ಲಿ ನಿಜಕ್ಕೂ ಏನಾದರೂ ಬದಲಾಗುತ್ತದೆಯೇ?

ಬದಲಾಗುತ್ತದೆ. ಸೇವಾ ನಾಯಕತ್ವ ಅಂದರೆ ಬೇರೆಯವರ ಅಗತ್ಯಗಳನ್ನು ಗಮನಿಸಿ, ಅವರಿಗೆ ನೆರವಾಗುತ್ತಾ ಮುನ್ನಡೆಸುವುದು. ತರಬೇತಿಯ ನಂತರ ಮೊದಲು ಕಾಣುವುದು ಕೇಳಿಸಿಕೊಳ್ಳುವ ಗುಣ. ಗುಂಪಿನ ಪ್ರಾಜೆಕ್ಟ್‌ನಲ್ಲಿ ತಾನೇ ಜಾಸ್ತಿ ಮಾತಾಡುತ್ತಿದ್ದ ಹುಡುಗ, ಮೂಲೆಯಲ್ಲಿ ಸುಮ್ನೆ ಕೂತವಳನ್ನು ‘ನಿನಗೇನನ್ನಿಸುತ್ತೆ?’ ಎಂದು ಕೇಳಿ, ಉತ್ತರ ಬರುವವರೆಗೂ ಕಾಯುತ್ತಾನೆ. ಸಣ್ಣ ವಿಷಯ ಅನ್ನಿಸಬಹುದು. ನನಗಂತೂ ಇದೇ ದೊಡ್ಡದು.

ಹಾಂಗ್‌ಕಾಂಗ್‌ನಲ್ಲಿ ಇದನ್ನು ಕೋರ್ಸ್ ಆಗಿಯೇ ಕಲಿಸುತ್ತಾರೆ. ಕೊರಿಯರ್ ಕಂಪನಿ ಡಿಎಚ್‌ಎಲ್ ಇಂಟರ್‌ನ್ಯಾಷನಲ್‌ನ ಸಹಸ್ಥಾಪಕ ಪೋ ಚುಂಗ್ ಮುಂದಿಟ್ಟ ಈ ವಿಚಾರದಲ್ಲಿ ಕೆಲಸದ ಕೌಶಲ, ಒಳ್ಳೆಯ ನಡತೆ, ಕಾಳಜಿ ಮೂರೂ ಬೇಕು. ಅಲ್ಲಿನ ಪಾಲಿಟೆಕ್ನಿಕ್ ವಿಶ್ವವಿದ್ಯಾಲಯದ ಅಧ್ಯಯನಗಳಲ್ಲಿ ಕೋರ್ಸ್ ಮುಗಿಸಿದವರು ಈ ಗುಣಗಳಲ್ಲಿ ಸುಧಾರಿಸಿದ್ದು ಕಂಡುಬಂದಿದೆ. ಆದರೆ ಅಲ್ಲಿ ಹೆಚ್ಚಾಗಿ ವಿದ್ಯಾರ್ಥಿಗಳೇ ತಮ್ಮನ್ನು ಅಳೆದುಕೊಂಡಿದ್ದಾರೆ, ಅದನ್ನು ಮರೆಯಬಾರದು ಅಲ್ವಾ?

ವಯಸ್ಸಾದವರಿಗೆ ಮೊಬೈಲ್ ಬಳಸುವುದನ್ನು ಮೂರನೇ ಸಲ ಹೇಳಿಕೊಡುವಾಗ ಕಲಿಯುವ ತಾಳ್ಮೆ ತರಗತಿಯಲ್ಲಿ ಕೂತು ಸ್ಲೈಡ್ ನೋಡಿದರೆ ಬರುವುದಿಲ್ಲ. ಹಾಗಾಗಿ ಹೊರಗೆ ಹೋಗಿ ಕೆಲಸ ಮಾಡಿಸುವ ಕೋರ್ಸ್ ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ.