ಮುದ್ದೆಯ ಮೇಲೆ ಕೋಪ ಯಾಕೆ, ಮೇಡಂ?

(ತುಮಕೂರು ಎಸ್.ಎಸ್.ಪುರಂನ ಪ್ರೌಢಶಾಲಾ ಶಿಕ್ಷಕಿಯೊಬ್ಬರು, ಹೆಸರು ಹಾಕಬೇಡಿ ಎಂಬ ಕೋರಿಕೆಯೊಂದಿಗೆ ಬರೆದ ಪತ್ರದ ಮುಖ್ಯ ಭಾಗ:

"ನನಗೆ 47 ವರ್ಷ. ತೂಕ 79 ಕೆ.ಜಿ. ಇತ್ತು. ಯುಗಾದಿ ಕಳೆದ ಮೇಲೆ ಹಟ ಹಿಡಿದು ರಾತ್ರಿ ಮುದ್ದೆ ಬಿಟ್ಟು ಮೂರು ಚಪಾತಿಗೆ ಬಂದೆ. ಬೆಳಿಗ್ಗೆ ಜೀರಿಗೆ ನೀರು, ಅಮಾನಿಕೆರೆಯಲ್ಲಿ ಮುಕ್ಕಾಲು ಗಂಟೆ ವಾಕಿಂಗ್. ಎರಡು ತಿಂಗಳಲ್ಲಿ 5 ಕೆ.ಜಿ. ಇಳಿಯಿತು. ಒಂದೂವರೆ ತಿಂಗಳಿಂದ ಮುಳ್ಳು ಅಲ್ಲಾಡುತ್ತಿಲ್ಲ. ಕೂದಲು ಉದುರುತ್ತಿದೆ, ಶಾಲೆಯ ಮೆಟ್ಟಿಲು ಹತ್ತಿದರೆ ಮಂಡಿ ನೋವು. ಯಜಮಾನರು ಡಂಬೆಲ್ ಎತ್ತು ಅನ್ನುತ್ತಾರೆ. ಲಾಕ್‌ಡೌನ್ ಸಮಯದಲ್ಲಿ ಅವರು ತಂದ 5 ಕೆ.ಜಿ.ಯ ಜೋಡಿ ಈಗ ಕೋಣೆಯ ಬಾಗಿಲು ಬಡಿಯದಂತೆ ಅಡ್ಡ ಕೂತಿದೆ. ಹೆಂಗಸರು ಭಾರ ಎತ್ತಿದರೆ ಗರ್ಭಕೋಶ ಜಾರುತ್ತೆ ಅನ್ನುತ್ತಾರೆ ಅತ್ತೆ. ಯಾರ ಮಾತು ಕೇಳಲಿ? ಮುದ್ದೆ ಪೂರ್ತಿ ಬಿಡಬೇಕೇ?")

ಮೇಡಂ, ನಿಮ್ಮ ಪತ್ರ ಓದಿದಾಗ ನನಗೆ ಮೊದಲು ಮರುಕ ಬಂದದ್ದು ಮುದ್ದೆಯ ಮೇಲೆ. ಪಾಪ, ಅದು ಮಾಡಿದ ತಪ್ಪೇನು?

ಲೆಕ್ಕ ಹಾಕೋಣ. ಮನೆಯಲ್ಲಿ ಒಬ್ಬರು ಉಣ್ಣುವ ಸಾಧಾರಣ ಮುದ್ದೆಗೆ 80 ಗ್ರಾಂ ರಾಗಿ ಹಿಟ್ಟು ಎಂದಿಟ್ಟುಕೊಳ್ಳಿ. ಸುಮಾರು 260 ಕ್ಯಾಲರಿ. ಅದಕ್ಕೆ ಎಣ್ಣೆ ಬೀಳುವುದಿಲ್ಲ. ಮೂರು ಚಪಾತಿಗೆ ನೂರು ಗ್ರಾಂ ಮೇಲೆ ಗೋಧಿ ಹಿಟ್ಟು ಹೋಗುತ್ತದೆ, ಅದೇ 330ರ ಹತ್ತಿರ. ಒಂದೊಂದಕ್ಕೆ ಒಂದು ಟೀ ಚಮಚ ಎಣ್ಣೆ ಸವರಿದರೆ ಇನ್ನು 120-130. ಒಟ್ಟು 450 ದಾಟಿತು. ಅಂದರೆ ಮುದ್ದೆ ಬಿಟ್ಟು ನೀವು ಹೆಚ್ಚಿಗೆ ಉಂಡಿದ್ದೀರಿ! ಹಾಗಾದರೆ 5 ಕೆ.ಜಿ. ಇಳಿದದ್ದು ಹೇಗೆ? ನಮ್ಮ ಕಡೆ ಮುದ್ದೆ ಒಂಟಿಯಾಗಿ ಬರುವುದಿಲ್ಲವಲ್ಲ. ಅದರ ಹಿಂದೆ ಅನ್ನ ಸಾರು, ಆಮೇಲೆ ಅನ್ನ ಮಜ್ಜಿಗೆ. ಚಪಾತಿಯ ತಟ್ಟೆಯಲ್ಲಿ ಆ ಎರಡು ಸುತ್ತು ಅನ್ನ ಇರಲಿಲ್ಲ. ಜೊತೆಗೆ ವಾಕಿಂಗ್. ಇಳಿಸಿದ್ದು ಇವು, ಹೆಸರು ಕೆಟ್ಟದ್ದು ಮುದ್ದೆಯದು.

ಹಾಗಂತ "ರಾಗಿ ತಿಂದರೆ ತೂಕ ಇಳಿಯುತ್ತೆ" ಎಂದು ಪ್ಯಾಕೆಟ್ ಮೇಲೆ ಅಚ್ಚು ಹಾಕಿ ಮಾರುವವರನ್ನೂ ನಂಬಬೇಡಿ. ಹಿಟ್ಟಿನ ಲೆಕ್ಕದಲ್ಲಿ ರಾಗಿ, ಗೋಧಿ, ಅಕ್ಕಿ ಮೂರೂ ಅಣ್ಣತಮ್ಮಂದಿರೇ. ರಾಗಿಯಲ್ಲಿ ಅಕ್ಕಿಗಿಂತ ನಾರು ಜಾಸ್ತಿ, 100 ಗ್ರಾಂಗೆ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ. ನಿಮ್ಮ ವಯಸ್ಸಿನ ಹೆಂಗಸರ ಮೂಳೆಗೆ ಅದು ಬೇಕಾದದ್ದೇ. ಆದ್ದರಿಂದ ರಾತ್ರಿ ಒಂದು ಮುದ್ದೆ ಉಣ್ಣಿ, ಅನ್ನದ ಎರಡು ಸುತ್ತು ಬಿಡಿ.

ಇನ್ನು ಮುಳ್ಳು ನಿಂತ ವಿಷಯ. ಮೊದಲ ವಾರಗಳಲ್ಲಿ ಇಳಿಯುವುದರಲ್ಲಿ ನೀರಿನ ಪಾಲು ದೊಡ್ಡದು. ಆಮೇಲೆ, 79 ಕೆ.ಜಿ. ದೇಹ ಹೊತ್ತು ಓಡಾಡಲು ಬೇಕಿದ್ದಷ್ಟು ಇಂಧನ 74 ಕೆ.ಜಿ.ಗೆ ಬೇಡ. ಅದೇ ಚಪಾತಿ, ಅದೇ ವಾಕಿಂಗ್, ಆದರೆ ದೇಹದ ಖರ್ಚು ಕಡಿಮೆಯಾಗಿದೆ. ಇವೆರಡೂ ಎಲ್ಲರಿಗೂ ಆಗುವಂಥದ್ದೇ. ನನಗೆ ಚಿಂತೆ ಹುಟ್ಟಿಸಿದ್ದು ಮೂರನೆಯದು. ಬರೀ ಊಟ ಕಡಿಮೆ ಮಾಡಿ ತೂಕ ಇಳಿಸಿದಾಗ ಹೋಗುವುದೆಲ್ಲ ಕೊಬ್ಬಲ್ಲ. ಹೆಚ್ಚುಕಡಿಮೆ ಕಾಲು ಭಾಗ ಮಾಂಸಖಂಡದಂಥ ಗಟ್ಟಿ ಸರಕೇ ಕರಗಿಹೋಗುತ್ತದೆ. ಮೆಟ್ಟಿಲ ಮೇಲೆ ನಿಮ್ಮ ಮಂಡಿಗೆ ಆಸರೆಯಾಗಬೇಕಾದ ತೊಡೆಯೂ ಅದರಲ್ಲಿ ಸೇರಿತು.

ಇದನ್ನು ನಾನು ಅನುಭವಿಸಿಯೇ ಹೇಳುತ್ತಿದ್ದೇನೆ. ಆರು ವರ್ಷದ ಹಿಂದೆ ರಾತ್ರಿ ಬರೀ ಸೌತೆಕಾಯಿ, ಮಜ್ಜಿಗೆಯಲ್ಲಿ ಕಳೆದು ನಾಲ್ಕು ತಿಂಗಳಲ್ಲಿ 9 ಕೆ.ಜಿ. ಇಳಿಸಿದೆ. ಕಚೇರಿಯಲ್ಲಿ ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ನಮ್ಮ ಪತ್ರಿಕೆಯ ಆ ತಿಂಗಳ ಸಂಚಿಕೆ ಅಚ್ಚಾಗಿ ಬಂತು. ಹುಡುಗ ರಜೆ, ನಾನೇ ಕಟ್ಟುಗಳನ್ನು ಬಸ್ ಸ್ಟ್ಯಾಂಡಿಗೆ ಒಯ್ದೆ. ಮೊದಲಾದರೆ ಸೊಂಟಕ್ಕೆ ಒತ್ತಿಕೊಂಡು ಎತ್ತಿ ಇಡುತ್ತಿದ್ದ ಅದೇ ಕಟ್ಟು ಅವತ್ತು ಮೊಣಕಾಲ ಹತ್ತಿರ ಬಂದು ನಿಂತುಬಿಟ್ಟಿತು. ಕಂಡಕ್ಟರ್ ಇಳಿದು ಬಂದು "ಬಿಡಿ ಸಾರ್, ನಾನು ಹಾಕ್ತೀನಿ" ಅಂದ. ಕನ್ನಡಿಯಲ್ಲಿ ಸಣ್ಣಗೆ ಕಾಣುತ್ತಿದ್ದವನು ಒಳಗೆ ಪೊಳ್ಳಾಗಿದ್ದೆ. ಮುಂದಿನ ದೀಪಾವಳಿಯೊಳಗೆ ಹೋದ 9 ಕೆ.ಜಿ. 11 ಆಗಿ ಬಡ್ಡಿ ಸಮೇತ ವಾಪಸ್ ಬಂತು. ಬಂದದ್ದು ಹೊಟ್ಟೆಗೆ, ತೋಳಿಗಲ್ಲ.

ಆದ್ದರಿಂದ ತಟ್ಟೆಯಿಂದ ಇನ್ನೇನು ತೆಗೆಯಲಿ ಎಂದು ಕೇಳಬೇಡಿ, ಏನು ಹಾಕಿಕೊಳ್ಳಲಿ ಎಂದು ಕೇಳಿ. ಪ್ರೊಟೀನ್. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಲೆಕ್ಕದಲ್ಲಿ ಒಂದು ಕೆ.ಜಿ. ತೂಕಕ್ಕೆ ದಿನಕ್ಕೆ 0.83 ಗ್ರಾಂ, ಅಂದರೆ ನಿಮಗೆ 61 ಗ್ರಾಂ. ತೂಕ ಇಳಿಸುವಾಗ ಮಾಂಸಖಂಡ ಉಳಿಯಬೇಕೆಂದರೆ 75ರಿಂದ 90ರವರೆಗೆ ಹೋದರೂ ಒಳ್ಳೆಯದೇ. (ಕಿಡ್ನಿ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳದೆ ಹೆಚ್ಚಿಸಬಾರದು.) ಇಡ್ಲಿ ಚಟ್ನಿ, ಅನ್ನ ತಿಳಿಸಾರು, ಚಪಾತಿ ಪಲ್ಯದ ದಿನದಲ್ಲಿ ನಿಮಗೆ 40 ಸಿಕ್ಕಿದರೆ ಹೆಚ್ಚು.

ಇಲ್ಲಿ ಬಸ್ಸಾರಿನ ಮಾತು ಬರಲೇಬೇಕು. ಹುರಳಿಕಾಳೋ ಅಲಸಂದೆಯೋ ಸೊಪ್ಪಿನ ಜೊತೆ ಬೇಯಿಸಿ, ಬಸಿದ ನೀರಿಗೆ ಖಾರ ರುಬ್ಬಿ ಹಾಕಿ ಸಾರು ಮಾಡುತ್ತೀರಿ. ಕಾಳು, ಸೊಪ್ಪು ಒಗ್ಗರಣೆ ಬಿದ್ದು ಪಲ್ಯವಾಗುತ್ತದೆ. ಸತ್ವದ ಬಹುಪಾಲು ಇರುವುದು ಆ ಪಲ್ಯದಲ್ಲಿ. ಮುದ್ದೆ ನುಂಗಲು ಸಾರು ಧಾರಾಳ, ಪಲ್ಯ ಮಾತ್ರ ತಟ್ಟೆಯ ಅಂಚಿನಲ್ಲಿ ಒಂದು ಚಮಚ. ಅದರಲ್ಲೂ ಎಲ್ಲರಿಗೂ ಬಡಿಸಿ ಕೊನೆಗೆ ಕೂರುವ ಹೆಂಗಸಿನ ಪಾಲಿಗೆ ಪಾತ್ರೆಯ ತಳದ ಈರುಳ್ಳಿ. ನಿಮ್ಮ ಮನೆಯಲ್ಲಿ ಹಾಗಿಲ್ಲ ಎಂದುಕೊಳ್ಳುತ್ತೇನೆ, ಆದರೂ ನಾಳೆ ಒಮ್ಮೆ ಗಮನಿಸಿ. ನಿಮ್ಮ ಪಾಲಿನ ಪಲ್ಯವನ್ನು ಬಡಿಸುವುದಕ್ಕೆ ಮುಂಚೆಯೇ ಒಂದು ಬಟ್ಟಲಿಗೆ ತೆಗೆದಿಡಿ. ಒಣ ಹುರಳಿ 50 ಗ್ರಾಂ ಬೆಂದರೆ ಅದರಲ್ಲಿ 11 ಗ್ರಾಂ ಪ್ರೊಟೀನ್. ಮೊಟ್ಟೆ ತಿನ್ನುವವರಾದರೆ ಒಂದಕ್ಕೆ 6 ಗ್ರಾಂ, ಬೆಳಿಗ್ಗೆ ಎರಡು. ತಿನ್ನದಿದ್ದರೆ ಸೋಯಾ ಚಂಕ್ಸ್, ಒಣದ್ದು 30 ಗ್ರಾಂ ನೆನೆಸಿದರೆ 15 ಗ್ರಾಂ. ಒಂದು ದೊಡ್ಡ ಬಟ್ಟಲು ಮೊಸರು, ಮೊಳಕೆ ಹೆಸರುಕಾಳು, ಅವರೆಕಾಯಿ ಕಾಲದಲ್ಲಿ ಹಿದಕಿದ ಬೇಳೆ. ಪಾವಗಡದ ಕಡ್ಲೆಕಾಯಿಯೂ ಆದೀತು, ಆದರೆ ಅದರಲ್ಲಿ ಅರ್ಧಕ್ಕರ್ಧ ಎಣ್ಣೆ. ಟಿವಿ ಮುಂದೆ ಮೊರ ಇಟ್ಟುಕೊಂಡು ಕೂತರೆ ಕೈಗೆ ಲೆಕ್ಕ ಸಿಗದು.

ಎಣ್ಣೆಯ ಬಗ್ಗೆ ಉಪದೇಶ ಬೇಡ, ಒಂದು ಕೆಲಸ ಮಾಡಿ. ತಿಂಗಳ ಮೊದಲ ದಿನ ಹೊಸ ಕ್ಯಾನ್ ಒಡೆದಾಗ ಅದರ ಮೇಲೆ ಮಾರ್ಕರ್‌ನಲ್ಲಿ ತಾರೀಖು ಬರೆಯಿರಿ. ನಾಲ್ಕು ಜನರ ಮನೆಗೆ ತಿಂಗಳಿಗೆ 5 ಲೀಟರ್ ಆಗುತ್ತಿದ್ದರೆ ತಲೆಗೆ ದಿನಕ್ಕೆ 340 ಕ್ಯಾಲರಿ ಎಣ್ಣೆಯಿಂದಲೇ. ಅದು 3 ಲೀಟರ್‌ಗೆ ಇಳಿದರೆ ಪ್ರತಿಯೊಬ್ಬರಿಗೂ 135ರಷ್ಟು ಉಳಿತಾಯ, ತಿಂಗಳಿಗೆ ಲೆಕ್ಕದಲ್ಲಿ ಅರ್ಧ ಕೆ.ಜಿ. ಕೊಬ್ಬು. ತೆಂಗಿನ ಊರಾದ ತಿಪಟೂರನ್ನು ನಮ್ಮ ಜಿಲ್ಲೆಯಲ್ಲೇ ಇಟ್ಟುಕೊಂಡ ನಮಗೆ ಕಾಯಿಯ ಮಾತು ಕಷ್ಟ, ಆದರೂ ಒಂದು ಹಿಡಿ ಕಾಯಿತುರಿ 150 ಕ್ಯಾಲರಿ ಆಸುಪಾಸು ಎಂದು ತಿಳಿದಿರಲಿ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಭಾನುವಾರ ತಿನ್ನಿ, ನಾನೂ ತಿನ್ನುತ್ತೇನೆ. ಮೇಲಿನ ಬೆಣ್ಣೆಯನ್ನು ಅರ್ಧ ಮಾಡಿಸಿ. ಜೀರಿಗೆ ನೀರು ನೀರೇ. ಇಷ್ಟವಿದ್ದರೆ ಕುಡಿಯಿರಿ.

ಈಗ ಭಾರ ಎತ್ತುವ ವಿಚಾರ. ಇದರಲ್ಲಿ ಯಜಮಾನರ ಮಾತು ಸರಿ, ಡಂಬೆಲನ್ನು ಬಾಗಿಲಿಗೆ ಇಟ್ಟವರ ಬಾಯಲ್ಲಿ ಬಂದರೂ. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಿನ ನಡಿಗೆಯಂಥದ್ದರ ಜೊತೆಗೆ, ವಾರಕ್ಕೆ ಎರಡು ದಿನವಾದರೂ ಮಾಂಸಖಂಡಕ್ಕೆ ಕೆಲಸ ಕೊಡಿ ಎನ್ನುತ್ತದೆ. ಮೊದಲನೆಯದನ್ನು ನೀವು ಆಗಲೇ ಮಾಡುತ್ತಿದ್ದೀರಿ. ಮುಕ್ಕಾಲು ಗಂಟೆ ನಡೆದರೆ 200 ಕ್ಯಾಲರಿ ಆಸುಪಾಸು ಕರಗುತ್ತದೆ, ಹೃದಯಕ್ಕೂ ನಿದ್ದೆಗೂ ಒಳ್ಳೆಯದು, ಬಿಡಬೇಡಿ. ಆದರೆ ನಡಿಗೆಯಿಂದ ತೊಡೆ, ತೋಳು, ಬೆನ್ನು ಗಟ್ಟಿಯಾಗುವುದು ಅಷ್ಟಕ್ಕಷ್ಟೆ.

ಗರಡಿ ಮನೆಯಲ್ಲಿ ಇದಕ್ಕೆಲ್ಲ ಹೆಸರುಗಳೇ ಇದ್ದವು: ದಂಡೆ, ಬಸ್ಕಿ, ಗುಂಡುಕಲ್ಲು. ಬಸ್ಕಿ ನಿಮಗೆ ಹೊಸದಲ್ಲ, ಎಷ್ಟು ಮಕ್ಕಳಿಗೆ ಹೊಡೆಸಿದ್ದೀರೋ! (ಈಗ ಹೊಡೆಸುವಂತಿಲ್ಲ, ಗೊತ್ತು.) ಈಗ ಆ ಋಣ ತೀರಿಸಿ. ಗೋಡೆಗೆ ಒತ್ತಿ ಇಟ್ಟ ಕುರ್ಚಿಯ ಮುಂದೆ ನಿಂತು, ಕೈ ಊರದೆ, ನಿಧಾನವಾಗಿ ಕೂತು ಎದ್ದೇಳಿ. ಕೂರುವಾಗ ಮೂರು ಎಣಿಸಿ. ದೊಪ್ಪೆಂದು ಬಿದ್ದರೆ ಅದು ಲೆಕ್ಕಕ್ಕಿಲ್ಲ. ಹತ್ತು ಸಲ, ಒಂದೆರಡು ನಿಮಿಷ ಬಿಟ್ಟು ಮತ್ತೆ ಹತ್ತು, ಮತ್ತೆ ಹತ್ತು. ಕೂರುವಾಗ ಮಂಡಿ ನೋಯುವುದಾದರೆ ಕುರ್ಚಿಯ ಮೇಲೆ ಎರಡು ದಿಂಬು ಹಾಕಿ ಎತ್ತರ ಮಾಡಿಕೊಳ್ಳಿ. ಮಂಡಿ ಊದಿದ್ದರೆ, ಚುಚ್ಚುವ ನೋವಿದ್ದರೆ ಮೊದಲು ಮೂಳೆ ಡಾಕ್ಟರ್. ಬಸ್ಕಿ ಆದ ಮೇಲೆ ಗೋಡೆಗೆ ಅಂಗೈ ಊರಿ ದಂಡೆ (ಪುಷ್‌ಅಪ್). ಅಂಗಾತ ಮಲಗಿ ಮೊಣಕಾಲು ಮಡಚಿ ಸೊಂಟ ಮೇಲೆತ್ತುವುದು. ಎರಡು ಕೈಚೀಲಕ್ಕೆ ಸಮನಾಗಿ ರಾಗಿ ತುಂಬಿ ಹಿಡಿದು ವರಾಂಡದಲ್ಲಿ ಆಚೆಗೊಮ್ಮೆ ಈಚೆಗೊಮ್ಮೆ ನಡೆಯುವುದು. ಸೋಮವಾರ, ಗುರುವಾರ ಸಾಕು, ನಡುವೆ ಬಿಡುವು ಬೇಕು. ಕೊನೆಯ ಎರಡು ಮೂರು ಎಣಿಕೆ ಕಷ್ಟವಾಗಬೇಕು. ಹತ್ತೂ ಸಲೀಸಾದ ದಿನ ಭಾರ ಸ್ವಲ್ಪ ಹೆಚ್ಚಿಸಿ. ಹೆಚ್ಚಿಸದೆ ವರ್ಷವಿಡೀ ಅದೇ ಅರ್ಧ ಲೀಟರ್ ನೀರಿನ ಬಾಟಲಿ ಎತ್ತುವವರನ್ನು ನೋಡಿದ್ದೇನೆ, ಬಾಟಲಿ ಸವೆದೀತೇ ಹೊರತು ತೋಳು ಗಟ್ಟಿಯಾಗುವುದಿಲ್ಲ. ಉಸಿರು ಬಿಗಿ ಹಿಡಿಯಬೇಡಿ, ಏಳುವಾಗ ಬಿಡಿ. ಬಿಪಿ ಇದ್ದರೆ ಇದು ಮುಖ್ಯ. ಮೊದಲ ವಾರ ಮೈಕೈ ನೋಯುತ್ತದೆ, ಎರಡು ಮೂರು ದಿನಕ್ಕೆ ಹೋಗುತ್ತದೆ. ಗಂಡಸರ ಹಾಗೆ ತೋಳು ಉಬ್ಬೀತೆಂಬ ಭಯವಿದ್ದರೆ ಬಿಡಿ. ಅದಕ್ಕೆ ಬೇಕಾದ ಹಾರ್ಮೋನು ಹೆಂಗಸರಲ್ಲಿ ತೀರಾ ಕಡಿಮೆ.

ಅತ್ತೆಯವರ ಮಾತನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಕೆಮ್ಮಿದಾಗ, ಸೀನಿದಾಗ ಮೂತ್ರ ಸೋರುವುದು, ಕೆಳಗೆ ಏನೋ ಜಗ್ಗಿದಂತಾಗುವುದು ಇದ್ದರೆ ಸಂಕೋಚ ಬಿಟ್ಟು ಮೊದಲು ಸ್ತ್ರೀರೋಗ ತಜ್ಞರಿಗೆ ತೋರಿಸಿ, ಆಮೇಲೆ ಭಾರ. ಅಂಥದ್ದೇನೂ ಇಲ್ಲದಿದ್ದರೆ ಹಗುರವಾಗಿ ಶುರು ಮಾಡಿ ಮೆಲ್ಲಗೆ ಏರಿಸುವುದರಲ್ಲಿ ಅಪಾಯವಿಲ್ಲ. ಅವರ ಕಾಲದಲ್ಲಿ ಬಾವಿಯಿಂದ ತರುತ್ತಿದ್ದ ತುಂಬಿದ ಬಿಂದಿಗೆ ಒಂದೊಂದೂ 12-15 ಕೆ.ಜಿ. ತೂಗುತ್ತಿತ್ತು. ತಲೆಯ ಮೇಲೊಂದು, ಸೊಂಟದಲ್ಲೊಂದು. ಸಮಯ ನೋಡಿ, ನಯವಾಗಿ ಕೇಳಿ: "ಅತ್ತೆ, ನೀವು ಎಷ್ಟು ಬಿಂದಿಗೆ ತರ್ತಿದ್ರಿ?" ಸಂಜೆಯೆಲ್ಲ ಕಥೆ ಹೇಳುತ್ತಾರೆ.

ಕೂದಲಿನ ವಿಷಯ: ಊಟ ದಿಢೀರನೆ ಕಡಿಮೆಯಾದ ಎರಡು ಮೂರು ತಿಂಗಳಿಗೆ ಉದುರುವುದುಂಟು, ಸಾಮಾನ್ಯವಾಗಿ ತಾನಾಗಿ ನಿಲ್ಲುತ್ತದೆ. ಆದರೂ ಒಮ್ಮೆ ಹಿಮೋಗ್ಲೋಬಿನ್, ಥೈರಾಯ್ಡ್, ಬಿ12 ನೋಡಿಸಿ. ಶುಗರ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಊಟ ಬದಲಿಸುವ ಮುಂಚೆ ಡಾಕ್ಟರಿಗೆ ಹೇಳಿ. ಮಾತ್ರೆ ಅಷ್ಟೇ ಇದ್ದು ಊಟ ಇಳಿದರೆ ಕೆಲವರಿಗೆ ಶುಗರ್ ತಗ್ಗಿ ತಲೆ ತಿರುಗುತ್ತದೆ.

ತಕ್ಕಡಿಯನ್ನು ವಾರಕ್ಕೊಮ್ಮೆ ಮಾತ್ರ ಹತ್ತಿ. ಅದರ ಬದಲು ಟೈಲರ್ ಟೇಪ್ ತಂದು ಸೊಂಟದ ಸುತ್ತಳತೆ ಬರೆದಿಡಿ. ನಮ್ಮ ದೇಶದ ಹೆಂಗಸರಿಗೆ 80 ಸೆಂ.ಮೀ., ಗಂಡಸರಿಗೆ 90 ದಾಟಿದರೆ ಎಚ್ಚರ ಎನ್ನುತ್ತಾರೆ. ಯಜಮಾನರನ್ನೂ ಅಳೆಯಿರಿ. ಕೊಬ್ಬು ಇಳಿದು ಮಾಂಸಖಂಡ ಬಂದಾಗ ಮುಳ್ಳು ಅಲ್ಲೇ ನಿಂತಿರುತ್ತದೆ, ಟೇಪ್ ಮಾತ್ರ ಹೇಳುತ್ತದೆ. ಇನ್ನೊಂದು ವಿಷಯ ನೀವು ಗಮನಿಸಿಲ್ಲ: 79ರಲ್ಲಿ 5 ಎಂದರೆ ಶೇ. 6. ಶೇ. 5ರಿಂದ 10ರಷ್ಟು ಇಳಿದರೇ ಬಿಪಿ, ಶುಗರ್ ಸುಧಾರಿಸುವುದು ಕಾಣುತ್ತದೆ. ಸೋತವರ ಹಾಗೆ ಬರೆದಿದ್ದೀರಿ, ನೀವು ಗೆದ್ದಿದ್ದೀರಿ. ಮುಂದೆ ತಿಂಗಳಿಗೆ ಒಂದೂವರೆ ಕೆ.ಜಿ. ಇಳಿದರೆ ಧಾರಾಳವಾಯಿತು.

ಆ ಡಂಬೆಲ್‌ಗಳನ್ನು ಮಾತ್ರ ಇವತ್ತೇ ಒರೆಸಿ ಎತ್ತಿಡಿ. ಐದು ಕೆ.ಜಿ. ಈಗಲೇ ಬೇಡ, ಕುರ್ಚಿ ಬಸ್ಕಿ ಸಲೀಸಾದ ಮೇಲೆ ಒಂದನ್ನು ಎರಡೂ ಕೈಯಲ್ಲಿ ಎದೆಗೆ ಅಪ್ಪಿ ಹಿಡಿದು ಕೂತೆದ್ದರೆ ಸರಿ. ಬಾಗಿಲಿಗೆ ಬೇರೆ ಯಾವುದಾದರೂ ಕಲ್ಲು ಇಡಿ.

– ಸಂಪಾದಕ